ದಿನಾ ಕೆಡುವ ಮೋಡೆಮ್

ಕಂಪ್ಯೂಟರನ್ನು ಮನೆಯ ಟೀವಿಗೆ ಸಿಕ್ಕಿಸಿ ಬಳಸುತ್ತಿದ್ದ ಕಾಲ. ಎರಡು ಮನೆಯ ಮೋಡೆಮ್‌ಗಳು ಫೋನಿನಲ್ಲಿ ಮಾತಾಡಬೇಕಾದರೆ ಎರಡೂ ಕಡೆಯ ಪ್ರೋಗ್ರಾಮಿನಲ್ಲಿ ವೇಗ ಮುನ್ನೂರೇ ಇರಬೇಕಿತ್ತು. ವಾರಿಜಾಳ ಮನೆಯಿಂದ ಮಾತ್ರ ದಿನಾ ಸಂಜೆ ಅರ್ಥವಿಲ್ಲದ ಅಕ್ಷರಗಳು ಬರುತ್ತಿದ್ದವು. ಅವಳ ಜೊತೆ ಪ್ರೋಗ್ರಾಂ ಬರೆಯುತ್ತಿದ್ದ ಶ್ರೀಕಂಠ ಸ್ಕೂಟರ್ ಹತ್ತಿ ಬಂದು ನೋಡಿದರೆ, ಅಲ್ಲಿ ಸಾವಿರದ ಇನ್ನೂರು ಇರುತ್ತಿತ್ತು. ತಿದ್ದಿ ಹೊರಟರೆ ಅವಳಪ್ಪ ಒಂದಾಟ ಚೆಸ್ ಆಡಿಸದೆ ಬಿಡುತ್ತಿರಲಿಲ್ಲ.

“ನಂಗೆ ಆ ಡಬ್ಬ ಆನ್ ಮಾಡೋಕೂ ಬರಲ್ಲಪ್ಪ. ಈ ಮಣೆನೇ ಸಾಕು,” ಎನ್ನುತ್ತಿದ್ದರು.

ಐದನೆಯ ಸಂಜೆ ಅವನು ಧೈರ್ಯ ಮಾಡಿ, ದನಿ ತಗ್ಗಿಸಿ ಅವಳನ್ನು ಕೇಳಿದ. “ವೇಗ ಬದಲಾಯಿಸ್ತಿರೋದು ನೀವೇ ಅಲ್ವಾ? ನಾನು ಬರ್ಲಿ ಅಂತ?”

ಅವಳ ಮುಖ ಕೆಂಪೇರಿತು. “ನಾನಾ? ನೀವೇ ಬದಲಾಯಿಸಿ ಹೋಗ್ತೀರಿ, ಮರುದಿನ ಬರೋಕೆ ನೆಪ ಬೇಕಲ್ಲ, ಅಂದ್ಕೊಂಡು ಸುಮ್ಮನಿದ್ದೆ.”

ಇಬ್ಬರೂ ಟೀವಿಯನ್ನೇ ನೋಡುತ್ತ ಕೂತರು.

ಹಜಾರದಿಂದ ಅಪ್ಪನ ದನಿ ಬಂತು. “ಸಾವಿರದಿನ್ನೂರನ್ನ ಮುನ್ನೂರು ಮಾಡಿದ್ದಾಯ್ತೇನಪ್ಪಾ? ಬೇಗ ಬಾ, ಕಾಯಿ ಜೋಡಿಸಿಟ್ಟಿದ್ದೀನಿ.”