ಪಯಾನಿನ ಹೊಟ್ಟೆಯೊಳಗೆ ಎಷ್ಟು ಜನ

"ವಾರವಾಯ್ತು ಬೀಗರೇ, ಈ ಮನೇಲಿ ಜಗಳವೇ ಇಲ್ಲ" ಎಂದರು ಅಳಿಯನ ತಾಯಿ, ಬಾಗಿಲು ತೆರೆದವರೇ ದನಿ ತಗ್ಗಿಸಿ. "ನನಗ್ಯಾಕೋ ಎದೆ ಹೊಡ್ಕೊಳ್ತಿದೆ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಕೌಟುಂಬಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಬೀಗರಿಗೆ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾಯಿತು. ಮಗಳು, ಅಳಿಯ ಇಬ್ಬರೂ ಭೌತವಿಜ್ಞಾನಿಗಳು. ಒಂದೇ ಸಂಸ್ಥೆ, ಒಂದೇ ವಿಷಯ. ಪಯಾನ್ ಎಂಬ, ಪರಮಾಣುವಿಗಿಂತ ಎಷ್ಟೋ ಚಿಕ್ಕದಾದ ಕಣದ ಹೊಟ್ಟೆಯೊಳಗೆ ಏನಿದೆ ಎಂದು ಲೆಕ್ಕದಲ್ಲಿ ಮಾದರಿ ಕಟ್ಟುವುದು ಇಬ್ಬರ ಕೆಲಸ. ಒಳಗೆ ಮೊದಲಿಗೆ ಇರುವುದು ಎರಡೇ ಮರಿಕಣ, ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್, ಉಳಿದದ್ದೆಲ್ಲ ಹತ್ತಿರ ಹೋಗಿ ನೋಡಿದಂತೆಲ್ಲ ಹುಟ್ಟಿಕೊಳ್ಳುವ ಗಲಾಟೆ ಎಂದು ಅಳಿಯನ ವಾದ. ಆ ಎರಡರ ಸುತ್ತ ಮೊದಲಿನಿಂದಲೂ ಇತರ ಕಣಗಳ ಒಂದು ಸಂತೆಯೇ ನೆರೆದಿದೆ ಎಂದು ಮಗಳ ವಾದ. ಮದುವೆಯಾದಾಗಿನಿಂದ ಈ ಜಗಳವಿಲ್ಲದೆ ಆ ಮನೆಯಲ್ಲಿ ಯಾರೂ ಊಟ ಮಾಡಿ ಎದ್ದದ್ದಿಲ್ಲ.

ಹೋದ ವಾರ ಸಂಸ್ಥೆಯ ಸಭೆಯಲ್ಲಿ ಅಳಿಯ ನಾಲಿಗೆ ಸಡಿಲ ಬಿಟ್ಟಿದ್ದ. "ನನ್ನ ಶ್ರೀಮತಿಯವರ ಪಯಾನ್ ಅವರ ಕೈಚೀಲದ ಹಾಗೆ. ಒಳಗೆ ಇಲ್ಲದ್ದು ಯಾವುದೂ ಇಲ್ಲ, ಬೇಕಾದ್ದು ಮಾತ್ರ ಕೈಗೆ ಸಿಗಲ್ಲ." ಸಭೆಗೆ ಸಭೆಯೇ ನಕ್ಕಿತು. ಅವಳು ನಗಲಿಲ್ಲ. ಅಂದಿನಿಂದ ಗಂಡನೊಡನೆ ಮಾತು ಬಂದ್. ಸೋಮವಾರದಿಂದ ಸಂಸ್ಥೆಯ ಅತಿಥಿಗೃಹದಲ್ಲಿ ಇರುತ್ತೇನೆಂದು ಅತ್ತೆಗಷ್ಟೇ ಹೇಳಿ, ಬಟ್ಟೆ ಮಡಚಲು ಕೂತಿದ್ದಳು.

ಬೀಗರು ಕೈಕಾಲು ತೊಳೆದು ಊಟದ ಮೇಜಿನ ತಲೆಯ ಕಡೆ ಕುಳಿತರು. ಮಗಳನ್ನು ಎಡಕ್ಕೆ, ಅಳಿಯನನ್ನು ಬಲಕ್ಕೆ ಕೂರಿಸಿದರು. ಹಳೆಯ ಅಭ್ಯಾಸ.

"ಮೊದಲು ವಿಷಯ ಇತ್ಯರ್ಥ ಆಗಲಿ. ಈ ಪಯಾನನ್ನ ಕಣ್ಣಾರೆ ಕಂಡವರು ಯಾರು?"

"ಯಾರೂ ಇಲ್ಲ ಮಾವ" ಎಂದ ಅಳಿಯ. "ನೀವು ಒಂದು ಸಲ ಕಣ್ಣು ಮಿಟುಕಿಸೋದರೊಳಗೆ ಅದು ಕೋಟಿ ಸಲ ಹುಟ್ಟಿ ಸಾಯಬಹುದು."

"ಅಂದ್ರೆ ಸಾಕ್ಷಿ ಕಟಕಟೆ ಹತ್ತೋ ಮೊದಲೇ ತೀರಿಕೊಳ್ತಾನೆ. ಬೇರೆ ಪುರಾವೆ?"

"ಹಳೇ ಪ್ರಯೋಗದ ಅಂಕಿ ಇವೆ ಅಪ್ಪ, ನಾನು ಹುಟ್ಟೋಕೆ ಮುಂಚಿನವು" ಎಂದಳು ಮಗಳು, ಗೋಡೆ ನೋಡುತ್ತ.

"ಅವು ಯಾರ ಕಡೆ ಹೇಳ್ತವೆ?"

"ನನ್ನ ಕಡೆ" ಎಂದರು ಇಬ್ಬರೂ.

ಬೀಗರು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ಪುರಾವೆ ಅವರಿಗೆ ಹೊಸದೇನಲ್ಲ. "ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ಒಂದಕ್ಕೊಂದು ತದ್ವಿರುದ್ಧ, ಆದ್ರೂ ಬಿಟ್ಟಿರಲಾರವು. ಗಂಡ ಹೆಂಡತಿ ಅಂತಿಟ್ಕೊಳ್ಳಿ."

"ಅಲ್ಲ" ಎಂದರು ಮತ್ತೆ ಇಬ್ಬರೂ. ಮಗಳು ಈ ಸಲ ಗೋಡೆಯಿಂದ ಮುಖ ತಿರುಗಿಸಿದಳು. "ಗಂಡ ಹೆಂಡತಿನ ಬೇರೆ ಮಾಡಬಹುದು ಅಪ್ಪ, ನೀವೇ ಎಷ್ಟೊಂದು ಮಾಡಿದ್ದೀರಿ. ಕ್ವಾರ್ಕನ್ನ ಬೇರೆ ಮಾಡೋಕಾಗಲ್ಲ. ಹಿಡಿದು ಎಳೆದ್ರೆ ನಡುವೆ ಹೊಸ ಕ್ವಾರ್ಕು ಹುಟ್ಟಿ, ಒಂದು ಜೋಡಿ ಇದ್ದದ್ದು ಎರಡು ಜೋಡಿ ಆಗುತ್ತೆ."

"ಅಂಥ ಕೇಸೂ ಬಂದಿದ್ವು" ಎಂದರು ಬೀಗರು.

ಅಳಿಯನಿಗೆ ನಗು ತಡೆಯಲಾಗಲಿಲ್ಲ. ಮಗಳ ತುಟಿಯೂ ಒಂದಿಷ್ಟು ಕೊಂಕಿತು, ಆದರೆ ಕೂಡಲೇ ಬಿಗಿಯಿತು. ಅದು ಕಂಡದ್ದೇ ಅಳಿಯನ ನಗು ಇಂಗಿತು. ಮಾವನ ಕಡೆ ತಿರುಗಿ, ಕೇಳಬೇಕಾದವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ: "ಆ ಕೈಚೀಲದ ಮಾತು ನಾನು ಆಡಬಾರದಿತ್ತು ಮಾವ. ಸೋಮವಾರ ಅದೇ ಸಭೇಲಿ, ನಕ್ಕವರ ಎದುರಿಗೇ ತಪ್ಪಾಯ್ತು ಅಂತೀನಿ. ಇನ್ನೊಂದು ವಿಷಯ. ಮಾತಿಲ್ಲದ ಮನೇಲಿ ಮಾಡೋಕೇನಿದೆ, ಅವಳ ಸಂತೆನ ನನ್ನ ಲೆಕ್ಕದೊಳಗೆ ಸೇರಿಸಿ ನೋಡ್ದೆ. ರೇಖೆ ಹಳೇ ಅಂಕಿಗಳ ಮೇಲೆ ಅಚ್ಚುಕಟ್ಟಾಗಿ ಕೂತ್ಕೊಳ್ತು."



"ಎಲ್ಲಿ ಕೂತ್ಕೊಳ್ತು?" ಅವಳು ನೇರವಾಗಿ ಅವನನ್ನೇ ಕೇಳಿದಳು.

"ಎಡಗಡೆ. ಪಯಾನಿನ ಒಟ್ಟು ಸಂವೇಗದಲ್ಲಿ ಚೂರುಪಾರು ಪಾಲು ಇರೋ ಕಣಗಳ ಕಡೆ. ಬಲಗಡೆ ತುದೀಲಿ ಮಾತ್ರ ನನ್ನದೇ ಸರಿ."

"ತುದೀಲಾ?" ಅವಳ ದನಿ ಒಂದು ಮೆಟ್ಟಿಲು ಏರಿತು. ಅಪ್ಪನ ಮುಂದಿದ್ದ ದಿನಪತ್ರಿಕೆಯನ್ನು ಎಳೆದುಕೊಂಡು, ಅಪ್ಪನ ಜೇಬಿನ ಪೆನ್ನನ್ನೇ ಕಿತ್ತು, ಅಂಚಿನ ಖಾಲಿ ಜಾಗದಲ್ಲಿ ಒಂದು ಇಳಿಜಾರು ಗೆರೆ ಎಳೆದಳು. "ತುದೀಲಿ ನಿಮ್ಮ ಗೆರೆ ಹೀಗೆ ದೊಪ್ಪನೆ ಬೀಳುತ್ತೆ. ನಾಚಿಕೆ ಆಗಲ್ವಾ ನಿಮಗೆ?"

"ನಿನ್ನದು ತುದಿ ಮುಟ್ಟೋಕೆ ಮುಂಚೆನೇ ಮೂರ್ಛೆ ಹೋಗುತ್ತಲ್ಲ, ಅದಕ್ಕೆ ಏನಂತೀಯ?" ಅವನು ಕುರ್ಚಿಯನ್ನು ಅವಳ ಪಕ್ಕಕ್ಕೇ ಎಳೆದುಕೊಂಡ. ಇಬ್ಬರ ತಲೆಯೂ ಕಾಗದದ ಮೇಲೆ ಬಾಗಿತು. ಬಟ್ಟೆ ಮಡಚುವುದು ಅರ್ಧಕ್ಕೇ ನಿಂತಿತ್ತು. ಅತಿಥಿಗೃಹದ ಕೋಣೆ ಬೇಡವೆಂದು ಅವಳು ಫೋನು ಮಾಡಿದ್ದು ಮರುದಿನ, ಅದೂ ಅತ್ತೆ ನೆನಪು ಮಾಡಿದ ಮೇಲೆ.

ಬೀಗರು ಕೆಮ್ಮಿದರು. ಯಾರೂ ತಲೆಯೆತ್ತಲಿಲ್ಲ. ಇನ್ನೊಮ್ಮೆ ಕೆಮ್ಮಿ, ತಮ್ಮ ಪೆನ್ನಿನ ಆಸೆ ಬಿಟ್ಟು, ಎದ್ದು ಅಡುಗೆಮನೆಗೆ ಹೋದರು. ಹೊರಗೆ ಮೇಜು ಗುದ್ದಿದ ಸದ್ದಾಯಿತು. ಅಳಿಯನ ತಾಯಿ ಚಹಾದ ಲೋಟ ಕೈಗಿಟ್ಟು ಕೇಳಿದರು: "ತೀರ್ಪು ಕೊಡದೆ ಎದ್ದು ಬಂದ್ರಲ್ಲ ಬೀಗರೇ?"

ಬೀಗರು ಒಂದು ಗುಟುಕು ಕುಡಿದು, ಹೊರಗಿನ ಕೂಗಾಟಕ್ಕೆ ಕಿವಿಗೊಟ್ಟರು.

"ನನ್ನ ಕೋರ್ಟಿಗೆ ಬಂದವರೆಲ್ಲ ಒಬ್ಬರ ತಪ್ಪು ಒಬ್ಬರು ಎತ್ತಿ ಜಗಳ ಆಡ್ಕೊಂಡು ಬಂದವರು" ಎಂದರು. "ಜಗಳ ಆಡೋಕೆ ಇಂಥದ್ದೊಂದು ಪಯಾನ್ ಸಿಕ್ಕಿದ್ದಿದ್ರೆ, ಅರ್ಧಕ್ಕರ್ಧ ಜನ ಮೆಟ್ಟಿಲಿಂದಲೇ ಮನೆಗೆ ವಾಪಸ್ ಹೋಗ್ತಿದ್ರು."