ಸೆಂಟ್ರಿಂಗ್ ಬಿಚ್ಚುವ ದಿನ

ಹೊಸ ಸ್ಲ್ಯಾಬಿಗೆ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಕಂಬಗಳನ್ನು ಬಿಚ್ಚುವ ದಿನ ಕಂಟ್ರಾಕ್ಟರ್ ಬೊನಿಫಾಸರು ಹೆಂಡತಿ ಮಕ್ಕಳನ್ನು ಅದರಡಿ ಚಾಪೆ ಹಾಕಿ ಕೂರಿಸಿ, ತಾವೂ ಕೂತು ಜಪಸರ ಹೇಳಿಸುತ್ತಿದ್ದರು. ಮೂವತ್ತು ವರ್ಷ ಈ ಪದ್ಧತಿ ತಪ್ಪಲಿಲ್ಲ. ಎಂಥಾ ಭಕ್ತಿ ಅಂತ ಊರೆಲ್ಲ ಹೊಗಳುತ್ತಿತ್ತು. ಮಗಳು ಹಿಲ್ಡಾಳಿಗೆ ಮಾತ್ರ ಒಂದೊಂದು ಕಂಬ ಕಿತ್ತಾಗಲೂ ಜೀವ ಬಾಯಿಗೆ ಬರುತ್ತಿತ್ತು. ಅಪ್ಪನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಇವತ್ತು ಹಿಡಿದುಕೊಳ್ಳಲು ಆ ಅಂಗಿ ಇರಲಿಲ್ಲ. ಅಪ್ಪ ತೀರಿಕೊಂಡ ತಿಂಗಳ ಪೂಜೆ ಮುಗಿಸಿ ಅಮ್ಮನೊಡನೆ ಚರ್ಚಿನಿಂದ ನೇರ ಇಲ್ಲಿಗೆ ಬಂದಿದ್ದಳು.

"ಧಣಿಗಳ ಕೊನೆಯ ಕೆಲಸ ಇದು. ಯಾವಾಗಿನ ಹಾಗೆ ನೀವು ಕೂತರೆ ಅವರಿಗೂ ಸಮಾಧಾನ," ಅಂದ ಮೇಸ್ತ್ರಿ ದೂಮಪ್ಪ.

ಹಿಲ್ಡಾ ತನ್ನ ಎರಡೂ ಮಕ್ಕಳನ್ನು ಅವುಚಿಕೊಂಡು ಅಮ್ಮನ ಪಕ್ಕ ಕೂತಳು. ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ. ಮೇಸ್ತ್ರಿ ಮೊದಲ ಕಂಬಕ್ಕೆ ಸುತ್ತಿಗೆ ಎತ್ತಿದ.

"ನಿಲ್ಲು," ಅಂದರು ಅಮ್ಮ. "ಇದಕ್ಕೆ ಕಾಂಕ್ರೀಟ್ ಹಾಕಿದ ದಿನ ಇವರು ಆಸ್ಪತ್ರೆಯಲ್ಲಿದ್ದರಲ್ಲ?"

"ಹೌದಮ್ಮ, ನಾನೇ ನಿಂತು ಹಾಕಿಸಿದೆ. ಎಲ್ಲ ಧಣಿಗಳು ಕಲಿಸಿದ ಹಾಗೇ. ಏನೂ ಹೆದರಬೇಡಿ."

ಅಂಗಳದಲ್ಲಿ ದೂಮಪ್ಪನ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅಮ್ಮ ಚಾಪೆಯ ತುದಿಗೆ ಸರಿದು ಅವಳನ್ನು ಕರೆದರು.

"ಬಾ ಮಗಾ, ಇಲ್ಲಿ ಜಾಗ ಇದೆ. ನೀನೂ ಕೂತ ಮೇಲೆ ಶುರು ಮಾಡುವ."

ಅವಳು ನಗುತ್ತಾ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಲು ಕಾಲೆತ್ತಿದಳು.

"ಅಲ್ಲೇ ನಿಲ್ಲು! ಒಳಗೆ ಬರಬೇಡ!" ದೂಮಪ್ಪ ಕಿರುಚಿದ.