ನಲವತ್ತೆಂಟು ಕುದುರೆಗಳು

ನಲವತ್ತೆಂಟು ಕುದುರೆಗಳನ್ನು ಹನ್ನೆರಡಕ್ಕೆ ಇಳಿಸಲು ರೋಹಿಣಿ ಬೆಟಗೇರಿಗೆ ಬಂದದ್ದು ಇದು ಒಂಬತ್ತನೆಯ ಸಲ. ಇನ್ನೂ ಒಂದು ಕುದುರೆಯೂ ಕದಲಿರಲಿಲ್ಲ.

'ಏಳು ಬಾಗಿಲ ಸೀಮೆ' ಬರೆದ ವೆಂಕಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಮೊಣಕಾಲು ಸೋಲುವ ತನಕ ಮಗ್ಗ, ಸೋತ ಮೇಲೆ ಲೇಖನಿ. ಮಾಯಾಲೋಕದ ಆ ಐದು ಸಂಪುಟಗಳು ನಾಡಿನ ತುಂಬ ಓಡಿದವು. ಕೊನೆಗೆ ಒಂದು ಟಿವಿ ವಾಹಿನಿ ಧಾರಾವಾಹಿ ಮಾಡಲು ಮುಂದೆ ಬಂತು. ಹುಡುಗಿ ಲಕ್ಷ್ಮೇಶ್ವರದವಳು, ಮುದುಕರ ಮಾತು ಅವಳಿಗೆ ತಿಳಿಯುತ್ತದೆ ಎಂದು ಚಿತ್ರಕಥೆಯನ್ನು ರೋಹಿಣಿಯ ತಲೆಗೆ ಕಟ್ಟಿದರು. ಅದಾಗಿ ಎರಡು ವರ್ಷ. ಮೊದಲ ಕಂತನ್ನೇ ಅವಳು ಹದಿನೇಳು ಸಲ ಬರೆದಿದ್ದಳು.

"ಕಾಕಾ, ನಲವತ್ತೆಂಟು ಕುದರಿ ಎಲ್ಲಿಂದ ತರೂಣು? ಹನ್ನೆರಡು ತೋರಿಸಿದ್ರೂ ನೋಡೋರಿಗೆ ದಂಡು ಅನಸ್ತೈತ್ರಿ."

"ಅನಸ್ತೈತಿ, ಖರೆ. ಆದ್ರ ದಂಡು ಆಗಂಗಿಲ್ಲ."

"ಹೋಗ್ಲಿ, ಎಲ್ಲಾ ಕರಿ ಕುದರಿನ ಇರ್ಲೇನ್ರಿ?"

"ಮೂರು ಕರಿ, ಎರಡು ಬಿಳಿ, ಮತ್ತ ಮೂರು ಕರಿ. ಹಿಂಗ ಆರು ಸಲ. ಪುಸ್ತಕದಾಗ ಬರದೈತಲ್ಲ ತಂಗಿ."

ಬರೆದದ್ದೇನೋ ನಿಜ. ಓದುಗರು ಹಾರಿಸುತ್ತಿದ್ದದ್ದೂ ಆ ಪುಟಗಳನ್ನೇ. ಕಾಲೇಜಿನಲ್ಲಿದ್ದಾಗ ರೋಹಿಣಿಯೂ ಹಾರಿಸಿದ್ದಳು. ವೆಂಕಪ್ಪನವರು ಯುದ್ಧ ಬರೆಯುವುದಿಲ್ಲ, ಜನಗಣತಿ ಮಾಡುತ್ತಾರೆ ಎಂದು ಒಬ್ಬ ವಿಮರ್ಶಕ ಕುಟುಕಿದ್ದ. ಅದು ಸಾಲದೆಂಬಂತೆ, ಏಳು ಬಾಗಿಲು ದಾಟಿ ಹೋದ ರಾಜಕುಮಾರ ಅದೇ ಏಳು ಬಾಗಿಲು ದಾಟಿ ಹಿಂದಕ್ಕೆ ಬರುತ್ತಾನೆ. ಐದನೆಯ ಸಂಪುಟವಿಡೀ ಅದೇ.

"ಅವನು ಹದ್ದಿನ ಮ್ಯಾಲೆ ಕುಂತು ಹಾರಿ ಬಂದ್ರ ಹೆಂಗ್ರಿ? ನಿರ್ದೇಶಕರಿಗೆ ಭಾಳ ಆಸೆ ಐತಿ."

"ಹೋದ ಹಾದಿಲೇ ಬರಬೇಕು. ಇಲ್ಲಾಂದ್ರ ಎರಡೂ ಕಡಿ ಕೂಡಂಗಿಲ್ಲ."

"ಯಾಕ ಕಾಕಾ? ಕಾರಣ ಹೇಳ್ರಿ. ನಾ ಅವ್ರಿಗೆ ತಿಳಿಸಿ ಹೇಳ್ತೀನಿ."

ವೆಂಕಪ್ಪ ಬಾಗಿಲ ಕಡೆ ನೋಡಿದರು. "ಎಣಿಕಿ ತಪ್ಪಿದ್ರ ಎಲ್ಲಾ ಕೆಡತೈತಿ. ಇದಕ್ಕಿಂತ ಹೆಚ್ಚಿಗಿ ಕೇಳಬ್ಯಾಡವಾ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಲೇಖಕರನ್ನು ರೋಹಿಣಿ ಬೇಕಾದಷ್ಟು ಕಂಡಿದ್ದಳು. ಇವರದು ಮೊಲವಲ್ಲ, ಕುದುರೆ, ಅಷ್ಟೇ ವ್ಯತ್ಯಾಸ. ಅವಳಿಗೆ ಸಾಕಾಗಿತ್ತು. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿಲ್ಲದಷ್ಟು ಸಾಕಾಗಿತ್ತು.

ಫೋನು ನಡುಗಿತು. ಇವತ್ತು ಐದು ಗಂಟೆಯೊಳಗೆ ಕರಾರಿಗೆ ವೆಂಕಪ್ಪನವರ ಸಹಿ ಬರದಿದ್ದರೆ ಧಾರಾವಾಹಿ ಕೈಬಿಟ್ಟಂತೆ ಎಂದು ವಾಹಿನಿಯ ಮುಖ್ಯಸ್ಥರು ಬರೆದಿದ್ದರು. ಆಗಲೇ ನಾಲ್ಕೂವರೆ. ಎರಡು ವರ್ಷದ ದುಡಿಮೆ ನೀರಿಗೆ ಬೀಳುವುದಷ್ಟೇ ಅಲ್ಲ, ಒಬ್ಬ ಮುದುಕನನ್ನು ಒಪ್ಪಿಸಲಾಗದವಳಿಗೆ ಇನ್ನೊಂದು ಕೆಲಸ ಕೊಡುವವರೂ ಇರಲಿಲ್ಲ.

ಅವಳ ಚೀಲದಲ್ಲಿ ಎರಡು ಚಿತ್ರಕಥೆಗಳಿದ್ದವು. ಚಿತ್ರೀಕರಣಕ್ಕೆ ಹೋಗುವುದು ಒಂದು. ಅದರಲ್ಲಿ ಹನ್ನೆರಡು ಕುದುರೆ ಮತ್ತು ಒಂದು ಹದ್ದು. ಇನ್ನೊಂದನ್ನು ಅವಳು ಹಿಂದಿನ ದಿನ ಇವರಿಗೆಂದೇ ಅಚ್ಚು ಹಾಕಿಸಿದ್ದಳು. ಬಸ್ಸಿನ ದಾರಿಯುದ್ದಕ್ಕೂ ಅದನ್ನು ತೆಗೆಯಬಾರದು ಎಂದುಕೊಂಡೇ ಬಂದಿದ್ದಳು. ಈಗ ತೆಗೆದಳು.

"ಸೋತೆ ಕಾಕಾ. ನೀವು ಹೇಳಿದಂಗ ಬರದೀನಿ. ನೋಡ್ರಿ."

ವೆಂಕಪ್ಪ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ, ಒಂದೊಂದೇ ಕುದುರೆಯನ್ನು ಎಣಿಸಿದರು. ನಲವತ್ತೆಂಟೂ ಇದ್ದವು. ಅವರ ಕಣ್ಣು ಒದ್ದೆಯಾಯಿತು. ಕುದುರೆಗಾಗಿ ಅಳುವ ಮನುಷ್ಯನನ್ನು ನೋಡಲಾಗದೆ ರೋಹಿಣಿ ಗೋಡೆ ನೋಡಿದಳು.

"ಟಿವಿಯೊಳಗ ಹಿಂಗ ಬರ್ತೈತೇನವಾ? ಒಂದೂ ತಪ್ಪಂಗಿಲ್ಲ?"

"ಒಂದೂ ತಪ್ಪಂಗಿಲ್ಲ ಕಾಕಾ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಬೇಕಾದ ಬದಲಾವಣೆ ಮಾಡಿಕೊಳ್ಳುವ ಹಕ್ಕು ವಾಹಿನಿಗೆ ಸೇರಿದ್ದೆಂದು ಕರಾರಿನ ನಾಲ್ಕನೆಯ ಪುಟದಲ್ಲಿತ್ತು. ಅದನ್ನು ಓದಿ ಹೇಳಲೇ ಎಂದು ಅವಳು ಕೇಳಲಿಲ್ಲ.

"ನೀ ಹೇಳಿದಿ, ಮುಗೀತು," ಎಂದು ಅವರೇ ಕರಾರಿನ ಪುಟ ಮಗುಚಿ ಸಹಿ ಹಾಕಿದರು. "ಇನ್ನ ಕಣ್ಣು ಮುಚ್ಚಿದ್ರೂ ಚಿಂತಿಲ್ಲ."

ಅವಳು ಸಹಿಯ ಫೋಟೊ ಕಳಿಸಿದಳು. ಶಹಬ್ಬಾಸ್ ಎಂದು ಉತ್ತರ ಬಂತು. ಚಹಾ ಕುಡಿದು ಹೋಗು ಎಂದರೂ ನಿಲ್ಲದೆ, ಚಪ್ಪಲಿ ಮೆಟ್ಟಿ ಓಣಿಗಿಳಿದಳು.

ನಾಲ್ಕು ಮನೆ ದಾಟಿರಬಹುದು. ತೆರೆದ ಬಾಗಿಲೊಂದರ ಒಳಗಿಂದ ಯಾರೋ ಅಕ್ಷರ ಕೂಡಿಸಿ ಓದುವ ದನಿ ಬಂತು. "ಮೂರು ಕರಿ ಕುದುರೆ... ಎರಡು ಬಿಳಿ..." ರೋಹಿಣಿ ನಿಂತಳು. ಯಾರೂ ಓದದ ಪುಟಕ್ಕೂ ಒಬ್ಬರು ಓದುಗರು ಸಿಕ್ಕರಲ್ಲ ಎಂದು ನಗು ಬಂದು ಇಣುಕಿದಳು.

ಐವತ್ತರ ಹೆಂಗಸೊಬ್ಬಳು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಪಕ್ಕದಲ್ಲಿ 'ಏಳು ಬಾಗಿಲ ಸೀಮೆ'ಯ ಮೊದಲ ಸಂಪುಟ ತೆರೆದಿತ್ತು. ಆಕೆ ಒಂದು ಸಾಲು ಓದಿದಳು. ಆಮೇಲೆ ಮೂರು ಕರಿ ಎಳೆ ಎತ್ತಿದಳು, ಎರಡು ಬಿಳಿ ಬಿಟ್ಟಳು, ಮತ್ತೆ ಮೂರು ಕರಿ ಎತ್ತಿ ಲಾಳಿ ದೂಡಿದಳು. ಸೀರೆಯ ಅಂಚಿನಲ್ಲಿ, ರೋಹಿಣಿ ಯಾವ ಅಂಗಡಿಯಲ್ಲೂ ಕಾಣದಂಥ ಒಂದು ಚಿತ್ತಾರ ಅರ್ಧ ಮೂಡಿತ್ತು.

"ಟಿವಿ ಅಕ್ಕಾರಲ್ಲೇನ್ರಿ? ಬರ್ರಿ, ಕುಂಡ್ರಿ. ನಾ ಅಮೃತವ್ವ," ಎಂದಳು ಆಕೆ. "ನಿಮಗ ಗೊತ್ತ ಐತೆಲ್ಲ, ವೆಂಕಪ್ಪನವರ ತಾಯಿ ನೇಯೂ ದಡಿರಿ ಇದು. ಈಗ ಯಾರಿಗೂ ಬರಂಗಿಲ್ಲ. ಮಷೀನ್ ಮಗ್ಗದ ಸಾವಕಾರ್ರ ಕೈಗೆ ಸಿಗಬಾರದು, ನೇಕಾರರಿಗೆ ಉಳೀಬೇಕು ಅಂತ ಕತಿಯೊಳಗ ಬಚ್ಚಿಟ್ಟಾರ. ರಾಜಕುಮಾರ ಹೋದ ಹಾದಿಲೇ ತಿರುಗಿ ಬಂದ್ರನ ಚಿತ್ತಾರದ ಎರಡೂ ಕಡಿ ಕೂಡತಾವು."

ರೋಹಿಣಿಯ ಕೈ ಚೀಲದೊಳಗಿನ ಕರಾರಿನ ಮೇಲೆ ಹೋಯಿತು.

"ನನಗ ನಾಕ ಅಕ್ಷರ ಬರ್ತಾವು, ಹೆಂಗೋ ನಡೀತೈತಿ. ಓದಾಕ ಬಾರದವ್ರು ಹದಿನಾರು ಮಂದಿ, ಟಿವಿ ನೋಡಿ ಎಣಿಸಿ ನೇಯೂಣು ಅಂತ ಮಗ್ಗ ಹೂಡಿಕೊಂಡು ಕುಂತಾರ," ಎಂದಳು ಅಮೃತವ್ವ. "ಟಿವಿಯೊಳಗ ಯಾವಾಗಿಂದ ಬರ್ತೈತ್ರಿ?"